ಮರುಪರೀಕ್ಷೆಗೆ ಸಿದ್ಧನಿದ್ದೇನೆ, ಮೊದಲ ಪರೀಕ್ಷೆ ಯಾವಾಗ?

ಇವರಿಗೆ:
ಮಾನ್ಯ ಸಾರಿಗೆ ಆಯುಕ್ತರು, ಬೆಂಗಳೂರು

ಇವರಿಂದ:
ಎಪ್ಪತ್ತಮೂರು ತುಂಬಿದ ಒಬ್ಬ ಚಾಲಕ, ಲೋಕೋಪಯೋಗಿ ಇಲಾಖೆಯ ನಿವೃತ್ತ ಎಂಜಿನಿಯರ್

ವಿಷಯ: ಹಿರಿಯ ನಾಗರಿಕರ ವಾಹನ ಚಾಲನಾ ಸಾಮರ್ಥ್ಯವನ್ನು ಮತ್ತೆ ಪರೀಕ್ಷಿಸುವ ಬಗ್ಗೆ
ಉಲ್ಲೇಖ: ನನ್ನ ಸೊಸೆಯ ಮೌಖಿಕ ಆದೇಶ, ಕಳೆದ ಭಾನುವಾರ, ತಿಂಡಿಯ ಸಮಯ

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಎಪ್ಪತ್ತು ದಾಟಿದವರನ್ನೆಲ್ಲ ಮತ್ತೊಮ್ಮೆ ಡ್ರೈವಿಂಗ್ ಟೆಸ್ಟಿಗೆ ನಿಲ್ಲಿಸಬೇಕು ಎಂಬ ಮಾತು ನಮ್ಮ ಬಡಾವಣೆಯಲ್ಲಿ ಬಲವಾಗಿ ಎದ್ದಿದೆ. ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂರುವ ನನ್ನ ಗೆಳೆಯರು ಇದು ಹಿರಿಯರಿಗೆ ಮಾಡುವ ಅವಮಾನ ಎಂದು ಕೆರಳಿ, ಒಂದು ಮನವಿ ಬರೆದು ಸಹಿ ಸಂಗ್ರಹಿಸುತ್ತಿದ್ದಾರೆ. ನಾನು ಸಹಿ ಹಾಕಲಿಲ್ಲ. ಬದಲಿಗೆ ಈ ಪತ್ರ ಬರೆಯುತ್ತಿದ್ದೇನೆ. ದಯವಿಟ್ಟು ನನ್ನನ್ನು ಪರೀಕ್ಷಿಸಿ. ಆದಷ್ಟು ಬೇಗ ಪರೀಕ್ಷಿಸಿ. ಇದಕ್ಕಾಗಿ ನಾನು 1979ರಿಂದ ಕಾಯುತ್ತಿದ್ದೇನೆ.

ಆ ವರ್ಷ ಒಂದು ಮಧ್ಯಾಹ್ನ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ನಮ್ಮನ್ನೆಲ್ಲ ಒಂದೇ ಅಂಬಾಸಿಡರಿಗೆ ತುಂಬಿ ಊರಾಚೆಯ ಮೈದಾನಕ್ಕೆ ಕರೆದೊಯ್ದರು. ಬ್ರೇಕ್ ಇನ್ಸ್‌ಪೆಕ್ಟರ್ ಸಾಹೇಬರು ಮರದ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ನನ್ನ ಸರದಿ ಬಂತು. ಗಾಡಿ ಚಾಲೂ ಮಾಡಿ ಹೊರಟೆ. ಎರಡನೇ ಗೇರಿಗೆ ಕೈ ಹೋಗುವ ಮುಂಚೆಯೇ ‘ಸಾಕು, ಇಳೀರಿ’ ಎಂಬ ಕೂಗು ಕೇಳಿತು. ಗಾಡಿಗೆ ರಿವರ್ಸ್ ಎಂಬುದೊಂದು ಇದೆ, ಅದನ್ನೂ ನಾನು ಬಲ್ಲೆ ಎಂದು ತೋರಿಸುವ ಆಸೆ ಆಸೆಯಾಗಿಯೇ ಉಳಿಯಿತು. ಸಾಹೇಬರು ಕೇಳಿದ್ದು ಒಂದೇ ಪ್ರಶ್ನೆ: ‘ಯಾವ ಇಲಾಖೆ?’ ಪಿಡಬ್ಲ್ಯೂಡಿ ಅಂದೆ. ‘ಹಾಗಿದ್ರೆ ರಸ್ತೆ ನಿಮ್ದೇ ಅಲ್ವೇನ್ರಿ’ ಎಂದು ನಕ್ಕು ಸಹಿ ಹಾಕಿದರು. ಅಂದಿನಿಂದ ಇಂದಿನವರೆಗೆ ನನ್ನ ಚಾಲನೆಯ ಬಗ್ಗೆ ಸರ್ಕಾರಕ್ಕೆ ಇರುವ ಸಮಸ್ತ ಜ್ಞಾನವೂ ಆ ಒಂದನೇ ಗೇರಿನದೇ.

ಆಮೇಲೆ ನವೀಕರಣ ಆಗಿಲ್ಲವೇ ಎಂದು ತಾವು ಕೇಳಬಹುದು. ಕಾಲಕಾಲಕ್ಕೆ ಆಗಿದೆ ಸ್ವಾಮಿ, ತಪ್ಪಿಸಿಲ್ಲ. 1988ರ ಮೋಟಾರು ವಾಹನ ಕಾಯ್ದೆಯನ್ನು ನಾನು ಓದಿದ್ದೇನೆ; ನಿವೃತ್ತ ಎಂಜಿನಿಯರನಿಗೆ ಮಧ್ಯಾಹ್ನಗಳು ಬಹಳ ಉದ್ದ. ಐವತ್ತಕ್ಕೆ ಕಾಲಿಟ್ಟ ಮೇಲೆ ಐದೈದು ವರ್ಷಕ್ಕೊಮ್ಮೆ ಲೈಸೆನ್ಸ್ ಹೊಸದು ಮಾಡಿಸಬೇಕಿತ್ತು. 2019ರ ತಿದ್ದುಪಡಿಯಲ್ಲಿ ಲೆಕ್ಕ ಕೊಂಚ ಬದಲಾಗಿ, ಮೂವತ್ತರೊಳಗೆ ಪಡೆದವರಿಗೆ ನಲವತ್ತರವರೆಗೆ, ಮೂವತ್ತರಿಂದ ಐವತ್ತರೊಳಗಿನವರಿಗೆ ಹತ್ತು ವರ್ಷ, ಐವತ್ತೈದು ದಾಟಿದವರಿಗೆ ಐದು ವರ್ಷ ಎಂದಾಯಿತು. ನಲವತ್ತರ ಮೇಲಾದರೆ ಅರ್ಜಿಯ ಜೊತೆಗೆ ನಮೂನೆ 1-ಎ ಎಂಬ ವೈದ್ಯಕೀಯ ಪ್ರಮಾಣಪತ್ರ ಬೇಕು. ಇಡೀ ವ್ಯವಸ್ಥೆಯ ಮುಕುಟಮಣಿ ಈ 1-ಎ.

ಮುದ್ರಿತ ಕಾಗದವಾಗಿ ನೋಡಿದರೆ ಬಹಳ ಚೆನ್ನಾಗಿದೆ. ಅರ್ಜಿದಾರನಿಗೆ ಮೂರ್ಛೆ, ತಲೆಸುತ್ತು ಉಂಟೇ? ಸಾಮಾನ್ಯ ಹಾರ್ನ್ ಕೇಳಿಸದಷ್ಟು ಕಿವುಡೇ? ತೀವ್ರವಾದ ಬಣ್ಣಗುರುಡು ಉಂಟೇ? ಇರುಳುಗುರುಡು ಇದೆಯೇ? ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟನ್ನು ಗುರುತಿಸಬಲ್ಲನೇ? ಇವಕ್ಕೆಲ್ಲ ವೈದ್ಯರು ಉತ್ತರ ಬರೆದು, ಫೋಟೊದ ಮೇಲೆ ಸಹಿ ಮಾಡಿ, ಮೊಹರು ಒತ್ತಿ ಕೊಡಬೇಕು. ಕಳೆದ ಸಲ ನನ್ನ 1-ಎ ಸಿಕ್ಕಿದ್ದು ಒಂದು ಜೆರಾಕ್ಸ್ ಅಂಗಡಿಯಲ್ಲಿ. ವೈದ್ಯರ ಸಹಿ ಆಗಲೇ ಬಿದ್ದಿತ್ತು. ರೋಗಿ ಯಾರು ಎಂಬುದಷ್ಟೇ ಬಾಕಿ. ‘ಕಣ್ಣು ಪರೀಕ್ಷೆ ಬೇಡವೇನಪ್ಪಾ?’ ಎಂದು ಏಜೆಂಟ್ ಹುಡುಗನನ್ನು ಕೇಳಿದೆ. ಅವನು ನನ್ನ ಕೈಗೆ ಪೆನ್ನು ಕೊಟ್ಟು, ‘ಇಲ್ಲಿ ಸೈನ್ ಮಾಡೋ ಜಾಗ ಕಾಣ್ಸುತ್ತಾ ಅಂಕಲ್?’ ಎಂದ. ಕಾಣಿಸುತ್ತದೆ ಎಂದೆ. ‘ಅಷ್ಟೇ ಅಂಕಲ್, ಪಾಸು’ ಎಂದ. ಐದು ವರ್ಷಕ್ಕೆ ನನ್ನನ್ನು ರಸ್ತೆಗೆ ಬಿಟ್ಟಿದ್ದು ಆ ಹುಡುಗ. ಅವನ ಮೇಲೆ ನನಗೆ ಗೌರವವಿದೆ. ಇಡೀ ಪ್ರಕ್ರಿಯೆಯಲ್ಲಿ ನನ್ನ ಕಣ್ಣಿನ ಬಗ್ಗೆ ಒಂದು ಪ್ರಶ್ನೆಯನ್ನಾದರೂ ಕೇಳಿದವನು ಅವನೊಬ್ಬನೇ.

ಕಾಯ್ದೆಯ 15ನೇ ಕಲಮಿನಲ್ಲಿ ಇನ್ನೊಂದು ಸೊಗಸಿದೆ. ಲೈಸೆನ್ಸಿನ ಅವಧಿ ಮುಗಿದು ಒಂದು ವರ್ಷ ದಾಟಿದ ಮೇಲೆ ಅರ್ಜಿ ಹಾಕಿದವನು ಮತ್ತೆ ಟೆಸ್ಟ್ ಕೊಡಲೇಬೇಕು. ಮೊದಲು ಈ ರಿಯಾಯಿತಿ ಐದು ವರ್ಷ ಇತ್ತು, 2019ರಲ್ಲಿ ಒಂದಕ್ಕೆ ಇಳಿಸಿದರು. ಅಂದರೆ ಫೈಲು ಎಲ್ಲಿಟ್ಟೆನೆಂದು ಮರೆತ ನಲವತ್ತೊಂದರ ಗಟ್ಟಿ ಆಳಿಗೆ ಟೆಸ್ಟ್ ಉಂಟು. ತಾರೀಖು ನೆನಪಿಟ್ಟುಕೊಂಡು ಸಕಾಲಕ್ಕೆ ಅರ್ಜಿ ಗುಜರಾಯಿಸಿದ ಎಂಬತ್ತೆಂಟರ ವೃದ್ಧನಿಗೆ ಇಲ್ಲ. ನಮ್ಮ ಪೀಳಿಗೆ ಅರ್ಜಿ ಹಾಕುವುದರಲ್ಲಿ ಎಂದೂ ತಡ ಮಾಡಿದ್ದಲ್ಲ. ಆ ಕಾರಣಕ್ಕೇ ನಾವು ನೂರು ವರ್ಷ ಸುರಕ್ಷಿತ ಚಾಲಕರು.

ಇನ್ನು 16ನೇ ಕಲಮು. ಕಾಯಿಲೆಯಿಂದಲೋ ಅಂಗವೈಕಲ್ಯದಿಂದಲೋ ಒಬ್ಬ ಗಾಡಿ ಓಡಿಸಲು ಅನರ್ಹನಾಗಿದ್ದಾನೆ ಎಂದು ನಂಬಲು ಕಾರಣವಿದ್ದರೆ ಯಾವಾಗ ಬೇಕಾದರೂ ಅವನ ಲೈಸೆನ್ಸ್ ರದ್ದು ಮಾಡಬಹುದು, ಇಲ್ಲವೇ ಹೊಸ ವೈದ್ಯಕೀಯ ಪ್ರಮಾಣಪತ್ರ ಕೇಳಬಹುದು. ಎಂಥ ಅಸ್ತ್ರ! ನಮ್ಮ ಬೆಂಚಿನ ಮೇಲೆ ಕೂರುವವರಲ್ಲಿ ಯಾರಿಗಾದರೂ ಇಂಥ ಪತ್ರ ಬಂದಿದೆಯೇ ಎಂದು ವಿಚಾರಿಸಿದೆ. ಒಬ್ಬರಿಗೆ ನಡುಕವಿದೆ, ಒಬ್ಬರಿಗೆ ಶುಗರ್ ಇಳಿದು ಕಣ್ಣು ಕತ್ತಲಿಟ್ಟಿದ್ದುಂಟು, ಒಬ್ಬರಿಗೆ ಒಂದು ಕಣ್ಣಿನ ಪೊರೆ ಆಪರೇಷನ್ ಆಗಿ ಇನ್ನೊಂದು ಕಣ್ಣು ಶ್ರಾವಣ ಕಳೆಯಲಿ ಎಂದು ಕಾಯುತ್ತಿದೆ. ಮೂವರೂ ಕಾರಿನಲ್ಲೇ ಪಾರ್ಕಿಗೆ ಬರುತ್ತಾರೆ. ವಾಕಿಂಗಿಗೆ.

ಸರ್ಕಾರ ಹೀಗೆ ಬಿಟ್ಟ ಕೆಲಸವನ್ನು ಮನೆಯವರು ಎತ್ತಿಕೊಂಡಿದ್ದಾರೆ ಎಂಬುದು ತಮ್ಮ ಗಮನಕ್ಕೆ ಬಂದಿದೆಯೋ ಇಲ್ಲವೋ. ನಮ್ಮ ಮನೆಯಲ್ಲೊಂದು ಆರ್‌ಟಿಒ ಕಚೇರಿ ನಡೆಯುತ್ತಿದೆ. ವಾರದ ಏಳೂ ದಿನ ಕೆಲಸ. ಊಟದ ವಿರಾಮವಿಲ್ಲ, ಕಲಾಪ ನಡೆಯುವುದೇ ಊಟದ ಹೊತ್ತಿನಲ್ಲಿ. ಸೊಸೆ ಮುಖ್ಯ ನಿರೀಕ್ಷಕಿ. ಮಗ ಆಯುಕ್ತ, ಫೈಲು ಮುಂದಿಟ್ಟರೆ ತಲೆ ಎತ್ತದೆ ಮೊಬೈಲು ನೋಡುತ್ತಾನೆ. ಮೊಮ್ಮಗಳದು ಗುಪ್ತಚರ ವಿಭಾಗ: ‘ತಾತ ಇವತ್ತು ಸಿಗ್ನಲಲ್ಲಿ ಗಾಡಿ ಆಫ್ ಮಾಡ್ಕೊಂಡ್ರು, ಹಿಂದಿನವ್ರು ಏನೋ ಬೈದ್ರು’ ಎಂದು ಸಂಜೆ ವರದಿ ಒಪ್ಪಿಸುತ್ತಾಳೆ. ನನ್ನ ಹೆಂಡತಿ ಸಾಕ್ಷಿ. ಯಾರ ಪರ ಸಾಕ್ಷಿ ಎಂಬುದು ಆ ದಿನದ ನನ್ನ ನಡವಳಿಕೆಯ ಮೇಲೆ ನಿಂತಿದೆ.

ಈ ಕಚೇರಿಗೆ ಪಠ್ಯಕ್ರಮವಿಲ್ಲ, ಅಂಕಪಟ್ಟಿಯಿಲ್ಲ, ಮೇಲ್ಮನವಿ ಇಲ್ಲವೇ ಇಲ್ಲ. ಬಂಪರಿನ ಮೇಲೊಂದು ಗೀರು ಬಿದ್ದರೆ ಸಾಕು. ಮಗ ಗೀರಿಸಿಕೊಂಡು ಬಂದರೆ ಅದು ಟ್ರಾಫಿಕ್ಕು. ನಾನು ಗೀರಿಸಿಕೊಂಡು ಬಂದರೆ ಅದು ವಯಸ್ಸು. ಶಿಕ್ಷೆಯನ್ನೂ ಯಾರೂ ನೇರವಾಗಿ ವಿಧಿಸುವುದಿಲ್ಲ. ‘ಕಾರಿನ ಕೀ ಎಲ್ಲಿಟ್ಟೆನೋ ಮರೆತೇಹೋಯ್ತು ಮಾವ’ ಎನ್ನುತ್ತಾಳೆ ಸೊಸೆ. ತನ್ನ ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಬರೆಸಿದರು ಎಂಬುದನ್ನು ಇಂದಿಗೂ ರೂಪಾಯಿ ಪೈಸೆ ಸಮೇತ ಹೇಳಬಲ್ಲ ಸೊಸೆ. ಕೀ ಅಕ್ಕಿ ಡಬ್ಬದಲ್ಲಿದೆ ಎಂದು ನನಗೆ ಗೊತ್ತು. ನನಗೆ ಗೊತ್ತೆಂದು ಅವಳಿಗೂ ಗೊತ್ತು. ಆದರೂ ‘ಸಿಗಲಿ ಬಿಡಮ್ಮ, ಅರ್ಜೆಂಟೇನಿಲ್ಲ’ ಎನ್ನುತ್ತೇನೆ. ಮರ್ಯಾದಸ್ಥರ ಮನೆಯಲ್ಲಿ ಲೈಸೆನ್ಸ್ ರದ್ದಾಗುವುದು ಹೀಗೆ.

ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳು ಮಾಡುತ್ತಿರುವುದು ತಮ್ಮ ಕೆಲಸ, ಅದೂ ಸಂಬಳವಿಲ್ಲದೆ. ನನ್ನ ದೂರು ಇಷ್ಟೇ: ಅವಳಿಗೆ ಹೆದರಿಕೆ ಇದೆ, ಪುರಾವೆ ಇಲ್ಲ, ನನಗೆ ಹೆಮ್ಮೆ ಇದೆ, ಪುರಾವೆ ಇಲ್ಲ. ತೀರ್ಪು ಕೊಡಬೇಕಾದವರು ಜೆರಾಕ್ಸ್ ಅಂಗಡಿಯ ಹುಡುಗನನ್ನು ನಮ್ಮಿಬ್ಬರ ಮಧ್ಯೆ ಕೂರಿಸಿ ಎದ್ದುಹೋಗಿದ್ದಾರೆ.

ಬೆಂಚಿನ ಗೆಳೆಯರ ವಾದವನ್ನೂ ತಮ್ಮ ಮುಂದಿಡುವುದು ನ್ಯಾಯ. ‘ಸಾಯಿಸ್ತಿರೋರು ಹುಡುಗ್ರು, ಪರೀಕ್ಷೆ ನಮಗೆ’ ಎನ್ನುತ್ತಾರೆ. ಕೇಂದ್ರ ಸರ್ಕಾರದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಇದರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಸಾವು ಅತಿವೇಗದ ಲೆಕ್ಕಕ್ಕೆ ಹೋಗಿದೆ. ಅತಿವೇಗದ ವಿಷಯದಲ್ಲಿ ನಾವು ನಿರಪರಾಧಿಗಳು, ನಿಜ. ನಾನು ಹೈವೇಯಲ್ಲಿ ಹೊರಟರೆ ಹಿಂದೆ ಒಂದು ಮೆರವಣಿಗೆಯೇ ಹೊರಡುತ್ತದೆ. ಹದಿನಾರರ ಹುಡುಗನ ಕೈಗೆ ಸ್ಕೂಟರ್ ಕೊಟ್ಟ ಅಪ್ಪನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸಜೆ ಎಂದು ಕಾಯ್ದೆಯಲ್ಲಿದ್ದರೂ, ಟ್ಯೂಷನ್ ಬಿಡುವ ಹೊತ್ತಿಗೆ ನಮ್ಮ ಬೀದಿಯಲ್ಲಿ ನಿಂತರೆ ಆ ಕಾಯ್ದೆ ಬೇರೆ ಯಾವುದೋ ದೇಶದ್ದು ಎನಿಸುತ್ತದೆ.

ಆದರೆ ಗೆಳೆಯರು ಹೇಳದೆ ಬಿಡುವ ಭಾಗವೂ ಇದೆ. ಹುಡುಗರು ವೇಗದಲ್ಲಿ ಎಡವಿದರೆ ಮುದುಕರು ಎಡವುವುದು ಕೂಡುರಸ್ತೆಯಲ್ಲಿ. ಎದುರಿನಿಂದ ಬರುವ ಗಾಡಿ ಎಷ್ಟು ದೂರವಿದೆ, ಎಷ್ಟು ಜೋರಾಗಿ ಬರುತ್ತಿದೆ, ಪಕ್ಕದಿಂದ ನುಗ್ಗುವ ಬೈಕು ಯಾವುದು, ದಾಟುತ್ತಿರುವ ಹೆಂಗಸು ಎಲ್ಲಿದ್ದಾಳೆ ಎಂಬುದನ್ನೆಲ್ಲ ಒಂದೇ ಕ್ಷಣದಲ್ಲಿ ಅಳೆದು ಬಲಕ್ಕೆ ತಿರುಗಬೇಕು. ನಮ್ಮ ತಲೆ ಇವನ್ನು ಒಂದೊಂದಾಗಿ ವಿಚಾರಣೆಗೆ ತೆಗೆದುಕೊಳ್ಳುತ್ತದೆ. ಕಣ್ಣಿನ ಕಥೆ ಇನ್ನೂ ಬೇರೆ. ಇಪ್ಪತ್ತರ ಪ್ರಾಯದವನ ಕಣ್ಣಿನೊಳಕ್ಕೆ ಹೋಗುವ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಪಾಲಷ್ಟೇ ಅರವತ್ತರವನ ಕಣ್ಣಿನ ಹಿಂಪರದೆಗೆ ತಲುಪುವುದು. ಎದುರಿನವನು ಹೈ ಬೀಮ್ ಹಾಕಿಕೊಂಡು ಬಂದು ದಾಟಿಹೋದ ಮೇಲೆ ಕಣ್ಣು ಮತ್ತೆ ಕತ್ತಲೆಗೆ ಹೊಂದಿಕೊಳ್ಳಲು ನಮಗೆ ಹುಡುಗರಿಗಿಂತ ಹೆಚ್ಚು ಹೊತ್ತು ಬೇಕು. ಆ ಹೊತ್ತಿನಲ್ಲಿ ಕಾರು ಮಾತ್ರ ಹೊಂದಿಕೊಳ್ಳಲು ನಿಲ್ಲುವುದಿಲ್ಲ. ಬಣ್ಣ ಬಳಿಯದ ಹಂಪ್ಸ್, ದೀಪವಿಲ್ಲದೆ ನಿಂತ ಕಬ್ಬಿನ ಟ್ರ್ಯಾಕ್ಟರ್, ಎಲ್ಲವೂ ಅದೇ ಹೊತ್ತಿಗೆ ಕಾದಿರುತ್ತವೆ. (ಹಂಪ್ಸ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಇದೆ. ನಮ್ಮ ಬೀದಿಯವರು ರಾತ್ರೋರಾತ್ರಿ ಹಾಕಿಸಿಕೊಂಡದ್ದನ್ನು ಹಂಪ್ಸ್ ಎನ್ನುವುದಕ್ಕಿಂತ ಗಡಿರೇಖೆ ಎನ್ನಬಹುದು.) ನಮೂನೆ 1-ಎ ಕೇಳುವುದೋ, ಒಳ್ಳೆಯ ಹಗಲು ಬೆಳಕಿನ ನಂಬರ್ ಪ್ಲೇಟು.

ನಮ್ಮ ಬೆಂಚಿನ ಹಿರಿಯ ಸದಸ್ಯರೊಬ್ಬರು, ನಿವೃತ್ತ ಮೇಷ್ಟ್ರು, ‘ನನಗೆ ಈ ಊರಿನ ರಸ್ತೆ ಬಾಯಿಪಾಠ ಕಣಯ್ಯಾ’ ಎನ್ನುತ್ತಾರೆ. ರಸ್ತೆ ಬಾಯಿಪಾಠವೇ ಇರಬಹುದು. ಆ ದಿನ ಅದರ ಮೇಲೆ ಓಡಿಬರುವ ಮಗು, ಮಲಗಿದ ಹಸು, ಊಟದ ಚೀಲ ಹೊತ್ತು ರಾಂಗ್ ಸೈಡಿನಲ್ಲಿ ಹಾರಿಬರುವ ಡೆಲಿವರಿ ಹುಡುಗ ಇವರ್‍ಯಾರೂ ಪಠ್ಯದಲ್ಲಿಲ್ಲ.

2019ರ ಏಪ್ರಿಲಿನಲ್ಲಿ ಟೋಕಿಯೊದ ಇಕೆಬುಕುರೊದಲ್ಲಿ ಎಂಬತ್ತೇಳರ ಒಬ್ಬ ನಿವೃತ್ತ ಹಿರಿಯ ಅಧಿಕಾರಿ ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ತುಳಿದ. ಸೈಕಲ್ಲಿನಲ್ಲಿದ್ದ ಒಬ್ಬ ತಾಯಿ, ಅವಳ ಮೂರು ವರ್ಷದ ಮಗಳು ಸತ್ತರು. ಕೋರ್ಟಿನಲ್ಲಿ ಆತ ಹೇಳಿದ್ದು, ಕಾರಿನಲ್ಲೇ ದೋಷವಿತ್ತು ಎಂದು. 2021ರಲ್ಲಿ ಐದು ವರ್ಷ ಸಜೆಯಾಯಿತು. ಆ ಸುದ್ದಿ ಓದಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಮಾತು. ಅದನ್ನು ನಾನು ಬೆಂಚಿನ ಮೇಲೆ ಎಷ್ಟೋ ಸಲ ಕೇಳಿದ್ದೇನೆ. ಕ್ಲಚ್ ಸರಿಯಿಲ್ಲ, ಬ್ರೇಕ್ ಸಡಿಲ, ಮೆಕ್ಯಾನಿಕ್ ಕಳ್ಳ. ನಮ್ಮ ಕಾಲಿನ ಬಗ್ಗೆ ಯಾರೂ ಏನೂ ಹೇಳುವುದಿಲ್ಲ. ಈ ಒಂದು ವಿಷಯದಲ್ಲಿ ನನ್ನಿಂದ ತಮಾಷೆ ಬರೆಯಲಾಗದು. ತಾವು ಮುಂದಿನ ಪ್ಯಾರಾಕ್ಕೆ ಹೋಗಬಹುದು.

ಜಪಾನಿನಲ್ಲಿ ಎಪ್ಪತ್ತು ದಾಟಿದವರು ನವೀಕರಣಕ್ಕೆ ಮುನ್ನ ತರಗತಿಯಲ್ಲಿ ಕೂರಬೇಕು, ಎಪ್ಪತ್ತೈದಾದರೆ ನೆನಪು, ಗ್ರಹಿಕೆಗಳ ಪರೀಕ್ಷೆಯೂ ಉಂಟು. 2022ರಿಂದ, ಎಪ್ಪತ್ತೈದು ದಾಟಿ ಕೆಲವು ಬಗೆಯ ನಿಯಮಭಂಗ ಮಾಡಿದವರು ಗಾಡಿ ಓಡಿಸಿಯೂ ತೋರಿಸಬೇಕು. ತಾವಾಗಿಯೇ ಲೈಸೆನ್ಸ್ ಒಪ್ಪಿಸಿದವರಿಗೆ ಬಸ್ಸು, ಟ್ಯಾಕ್ಸಿಗಳಲ್ಲಿ ರಿಯಾಯಿತಿ ಸಿಗುತ್ತದೆ. 2019ರಲ್ಲಿ ಆರು ಲಕ್ಷ ಜನ ಒಪ್ಪಿಸಿದರು. ಐಚಿ ಪ್ರಾಂತ್ಯದ ಒಂದು ಅಂತ್ಯಕ್ರಿಯೆಯ ಸಂಸ್ಥೆಯಂತೂ ಲೈಸೆನ್ಸ್ ಬಿಟ್ಟುಕೊಟ್ಟ ಹಿರಿಯರಿಗೆ ಉತ್ತರಕ್ರಿಯೆಯಲ್ಲಿ ಶೇಕಡ 15 ರಿಯಾಯಿತಿ ಘೋಷಿಸಿತು. ಇದನ್ನು ಬೆಂಚಿನ ಮೇಲೆ ಓದಿ ಹೇಳಿದಾಗ ನಿವೃತ್ತ ಬ್ಯಾಂಕ್ ಮ್ಯಾನೇಜರರು ಆ ರಿಯಾಯಿತಿಗೆ ಜಿಎಸ್‌ಟಿ ಬೀಳುತ್ತದೆಯೇ ಎಂದು ವಿಚಾರಿಸಿದರು.

ಇಂಗ್ಲೆಂಡಿನವರದು ನಮ್ಮ ಹಾಗೆಯೇ ನಂಬಿಕೆಯ ಆಧಾರದ ಸಂಸಾರ. ಎಪ್ಪತ್ತರ ನಂತರ ಮೂರು ವರ್ಷಕ್ಕೊಮ್ಮೆ ‘ನಾನು ಚೆನ್ನಾಗಿದ್ದೇನೆ’ ಎಂದು ಬರೆದುಕೊಟ್ಟರೆ ಆಯಿತು. ಅಲ್ಲಿನ ಆಗಿನ ರಾಣಿಯ ಪತಿ ಫಿಲಿಪ್ ದೊರೆ ತೊಂಬತ್ತೇಳನೇ ವಯಸ್ಸಿನಲ್ಲಿ, 2019ರ ಜನವರಿಯಲ್ಲಿ, ಸ್ಯಾಂಡ್ರಿಂಗಂ ಅರಮನೆಯ ಬಳಿ ಇನ್ನೊಂದು ಕಾರಿಗೆ ಗುದ್ದಿ ತಮ್ಮ ಲ್ಯಾಂಡ್ ರೋವರನ್ನು ಮಗುಚಿದರು. ಆ ಕಾರಿನಲ್ಲಿದ್ದ ಹೆಂಗಸಿನ ಮಣಿಕಟ್ಟು ಮುರಿಯಿತು. ಎರಡು ದಿನ ಕಳೆಯುವುದರೊಳಗೆ ದೊರೆಗಳು ಮತ್ತೆ ಸ್ಟಿಯರಿಂಗ್ ಹಿಡಿದಿದ್ದರು, ಸೀಟ್ ಬೆಲ್ಟ್ ಇಲ್ಲದೆ. ಲೈಸೆನ್ಸ್ ಒಪ್ಪಿಸಿದ್ದು ಮೂರು ವಾರದ ಮೇಲೆ. ಅಷ್ಟು ದೊಡ್ಡ ಅರಮನೆಯಲ್ಲಿ ಅಕ್ಕಿ ಡಬ್ಬ ಇರಲಿಲ್ಲವೆಂದು ತೋರುತ್ತದೆ.

ಹೊರದೇಶಗಳಲ್ಲಿ ನನಗೆ ಹಿಡಿಸಿದ್ದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸಿನ ಪದ್ಧತಿ. ಎಪ್ಪತ್ತೈದರಿಂದ ವರ್ಷಕ್ಕೊಮ್ಮೆ ವೈದ್ಯರ ತಪಾಸಣೆ. ಎಂಬತ್ತೈದಾದ ಮೇಲೆ ಎರಡು ವರ್ಷಕ್ಕೊಮ್ಮೆ ರಸ್ತೆಯ ಮೇಲೆ ಟೆಸ್ಟ್. ಅದು ಬೇಡವೆಂದರೆ ಮನೆಯಿಂದ ಇಂತಿಷ್ಟು ದೂರ ಎಂದು ಗೆರೆ ಎಳೆದ ಲೈಸೆನ್ಸ್ ತೆಗೆದುಕೊಳ್ಳಬಹುದು. ಇದು ನನಗೆ ಅರ್ಥವಾಗುವ ಭಾಷೆ. ಹಗಲು ಮಾತ್ರ ಎಂದು ಬರೆದುಕೊಡಿ, ಒಪ್ಪುತ್ತೇನೆ. ತಾಲ್ಲೂಕು ದಾಟಬೇಡ ಎನ್ನಿ, ಒಪ್ಪುತ್ತೇನೆ. ಹೈವೇ ಹತ್ತಬೇಡ ಎಂದರೆ ನನ್ನ ಹಿಂದಿನ ಮೆರವಣಿಗೆಯವರೂ ಒಪ್ಪುತ್ತಾರೆ. ನಮ್ಮ ಕಾನೂನಿನ ಮುಂದೆ ನಾನು ಒಂದೋ ಬೆಳಗಾವಿಯವರೆಗೆ ರಾತ್ರಿಯಿಡೀ ಓಡಿಸಬಲ್ಲ ವೀರ, ಇಲ್ಲವೇ ಗೇಟಿನಿಂದ ಹೊರಗೆ ತೆಗೆಯಲೂ ಬಾರದ ಮುದುಕ. ನಡುವೆ ಮೆಟ್ಟಿಲೇ ಇಲ್ಲ. ಹಾಗಾಗಿ ಬೆಂಚಿನವರೆಲ್ಲ ಕೊನೆಯ ಉಸಿರಿನವರೆಗೂ ವೀರರಾಗಿಯೇ ಉಳಿಯಲು ಹಟ ಹಿಡಿದಿದ್ದಾರೆ.

ಅಂದಹಾಗೆ, ಪರೀಕ್ಷೆ ಮಾಡುವುದಾದರೆ ನಮ್ಮೊಬ್ಬರಿಗೇ ಯಾಕೆ? ನವೀಕರಣಕ್ಕೆ ಬಂದ ಪ್ರತಿಯೊಬ್ಬರನ್ನೂ, ನನ್ನ ಮಗನನ್ನೂ ಸೇರಿಸಿ, ಗಾಡಿ ಹತ್ತಿಸಿ. ಒಂದು ಕೈಯಲ್ಲಿ ಮೊಬೈಲು ಹಿಡಿದು ರೌಂಡಾಣ ಸುತ್ತುವವನು ಎಂಟು ಹಾಕುವುದನ್ನು ನೋಡುವ ಆಸೆ ನನಗೂ ಇದೆ. ಈಗ ಕೆಲವೆಡೆ ಕ್ಯಾಮೆರಾ, ಸೆನ್ಸರ್ ಹೂಡಿದ ಟ್ರ್ಯಾಕುಗಳು ಬಂದಿವೆ. ಅವಕ್ಕೆ ‘ಯಾವ ಇಲಾಖೆ?’ ಎಂದು ಕೇಳಲು ಬರುವುದಿಲ್ಲ ಎಂಬುದೇ ದೊಡ್ಡ ಸುಧಾರಣೆ. ಆದರೆ ಬಣ್ಣ ಬಳಿದ ಕಂಬಗಳ ನಡುವೆ ಎಂಟು ಹಾಕಿಸಿ ನನ್ನ ಯೋಗ್ಯತೆ ಅಳೆಯಬೇಡಿ. ಸಂಜೆ ಏಳಕ್ಕೆ ಸಂತೆ ಬೀದಿಯಲ್ಲಿ ಬಲಕ್ಕೆ ತಿರುಗಿಸಿ ನೋಡಿ. ಅಲ್ಲಿ ನಾನು ಫೇಲಾದರೆ ಕೀಯನ್ನು ನಾನೇ ಸೊಸೆಯ ಕೈಗಿಡುತ್ತೇನೆ.

ಇಟ್ಟ ಮೇಲೆ ಏನು ಎಂಬುದನ್ನೂ ತಾವು ಒಂದು ಟಿಪ್ಪಣಿಯಲ್ಲಿ ತಿಳಿಸಬೇಕು. ಡೆನ್ಮಾರ್ಕಿನಲ್ಲಿ ಹಿರಿಯ ಚಾಲಕರಿಗೆ ಬುದ್ಧಿಶಕ್ತಿಯ ಪರೀಕ್ಷೆ ಕಡ್ಡಾಯ ಮಾಡಿದ್ದರು. ಸಂಶೋಧಕರು ಅದರ ಫಲ ಅಳೆದಾಗ ಕಾರಿನಲ್ಲಿದ್ದ ಹಿರಿಯರ ಸಾವು ಇಳಿದಿರಲಿಲ್ಲ. ನಡೆಯುತ್ತಲೋ ಸೈಕಲ್ಲಿನಲ್ಲೋ ಹೋಗುತ್ತಿದ್ದ ಹಿರಿಯರ ಸಾವು ಏರಿತ್ತು. ಕಾರಿನಿಂದ ಇಳಿದವರು ರಸ್ತೆಯಿಂದ ಇಳಿದಿರಲಿಲ್ಲ, ನೋಡಿ. ಡೆನ್ಮಾರ್ಕಿನಲ್ಲೇ ಹೀಗಾದರೆ ನಮ್ಮಲ್ಲಿ? ನಮ್ಮ ದೇಶದ ರಸ್ತೆಯಲ್ಲಿ ಸಾಯುವ ಐವರಲ್ಲಿ ಸುಮಾರು ಒಬ್ಬರು ಪಾದಚಾರಿಗಳು. ನಮ್ಮ ಬೀದಿಯ ಫುಟ್‌ಪಾತಿನ ಮೇಲೆ ಒಂದು ಟ್ರಾನ್ಸ್‌ಫಾರ್ಮರ್, ಎರಡು ಪಾನಿಪುರಿ ಗಾಡಿ, ಒಬ್ಬ ಮಾಜಿ ಕಾರ್ಪೊರೇಟರರ ಇನ್ನೋವಾ ಇವೆ. ಬಸ್ಸಿನ ವಿಷಯಕ್ಕೆ ಬಂದರೆ, ನನ್ನ ಹೆಂಡತಿಗೆ 2023ರ ಜೂನಿನಿಂದ ಶಕ್ತಿ ಯೋಜನೆ ಇದೆ, ಟಿಕೆಟ್ಟಿಲ್ಲ. ನನಗೆ ಕೆಎಸ್‌ಆರ್‌ಟಿಸಿಯಲ್ಲಿ ಶೇಕಡ 25 ರಿಯಾಯಿತಿ. ಅದಕ್ಕೆ ಕೃತಜ್ಞ. ರೈಲಿನಲ್ಲಿ ಹಿರಿಯರಿಗಿದ್ದ ರಿಯಾಯಿತಿ 2020ರ ಮಾರ್ಚಿನಲ್ಲಿ ಕೊರೊನಾ ಹೆಸರಿನಲ್ಲಿ ಹೋದದ್ದು, ಕೊರೊನಾ ಹೋದರೂ ಬಂದಿಲ್ಲ. ಇರಲಿ, ಅದು ತಮ್ಮ ಇಲಾಖೆಯಲ್ಲ. ಬಸ್ಸಿನ ಮೊದಲ ಮೆಟ್ಟಿಲು ನನ್ನ ಮಂಡಿಯ ಎತ್ತರಕ್ಕಿದೆ ಎಂಬುದು ಮಾತ್ರ ತಮ್ಮ ಇಲಾಖೆಗೆ ಸೇರುತ್ತದೆ. ಕಾರು ಹತ್ತಲು ನಾನು ಯೋಗ್ಯನೇ ಎಂದು ಪರೀಕ್ಷಿಸುವ ದಿನವೇ ಬಸ್ಸು ಹತ್ತಲು ಯೋಗ್ಯನೇ ಎಂಬುದನ್ನೂ ಪರೀಕ್ಷಿಸಿಬಿಟ್ಟರೆ ಎರಡು ಕೆಲಸ ಒಟ್ಟಿಗೆ ಮುಗಿಯುತ್ತವೆ.

ಕೊನೆಯಲ್ಲೊಂದು ಸ್ಪಷ್ಟೀಕರಣ ಕೋರುತ್ತೇನೆ. ನಮ್ಮ ಜಿಲ್ಲೆಯ ಟೆಸ್ಟ್ ಮೈದಾನ ರಿಂಗ್ ರೋಡಿನ ಆಚೆ ಇದೆ. ಲೈಸೆನ್ಸ್ ತಡೆಹಿಡಿದು ಟೆಸ್ಟಿಗೆ ಕರೆದರೆ ಕಾರು ಓಡಿಸಿಕೊಂಡು ಬರುವಂತಿಲ್ಲ, ಮಗನಿಗೆ ಆಫೀಸು. ಸಿಟಿ ಬಸ್ಸಿನ ಕೊನೆಯ ಸ್ಟಾಪಿನಲ್ಲಿ ಇಳಿದು ಹೆದ್ದಾರಿಯ ಅಂಚಿನಲ್ಲಿ ನಡೆದು, ಒಂದು ಕಡೆ ಅದನ್ನು ದಾಟಿಯೂ ಬರಬೇಕು. ಜೀಬ್ರಾ ಪಟ್ಟೆ ಇಲ್ಲ. ಆದ್ದರಿಂದ ಹೇಳಿದ ಹೊತ್ತಿಗೆ ನಾನು ಹಾಜರಾಗದಿದ್ದರೆ ತಕ್ಷಣ ‘ಗೈರುಹಾಜರಿ, ಅನುತ್ತೀರ್ಣ’ ಎಂದು ಬರೆಯದೆ, ಯಾರನ್ನಾದರೂ ಕಳಿಸಿ ಡಿವೈಡರಿನ ಬಳಿ ಒಮ್ಮೆ ನೋಡಿಸಬೇಕಾಗಿ ವಿನಂತಿ.

ಇಂತಿ ತಮ್ಮ ವಿಧೇಯ,
ಪರೀಕ್ಷಾರ್ಥಿ

ಲಗತ್ತು: ನಮೂನೆ 1-ಎ, ಒಂದು ಪ್ರತಿ. ವೈದ್ಯರ ಸಹಿ ಮತ್ತು ಮೊಹರು ಇವೆ. ಉಳಿದ ವಿವರಗಳನ್ನು ಕಚೇರಿಯಲ್ಲೇ ತುಂಬಿಕೊಳ್ಳುವುದು.